ವಠಾರ ಶಾಲೆಯಿಂದ ಕಲಿಕಾ ಹಾಳೆಯವರೆಗೆ: ಇಬ್ಬರು ಮಕ್ಕಳ ತಾಯಿಯ ವಿಮರ್ಶೆ

ಕೊರೊನಾ ಕಾಲದಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ನಡೆದ ಎರಡು ಕಾರ್ಯಕ್ರಮಗಳ ಕುರಿತು, ಅವುಗಳ ಪ್ರಯೋಜನ ಪಡೆದ ಮನೆಯವಳಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಮೊದಲನೆಯದು, ಶಾಲೆಗಳ ಬಾಗಿಲು ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ, ಶಿಕ್ಷಕರನ್ನೇ ಮಕ್ಕಳಿರುವ ಕೇರಿಗೆ ಕಳುಹಿಸಿದ ವಿದ್ಯಾಗಮ. ಎರಡನೆಯದು, ಶಾಲೆಗಳು ತೆರೆದ ಮೇಲೆ, 2022–23ನೇ ಸಾಲಿನಲ್ಲಿ ಕಳೆದುಹೋದ ಕಲಿಕೆಯನ್ನು ಮರಳಿ ತುಂಬಿಕೊಡಲು ಒಂದರಿಂದ ಒಂಬತ್ತನೇ ತರಗತಿಯವರೆಗೆ ನಡೆದ ಕಲಿಕಾ ಚೇತರಿಕೆ. 2020ರ ಮಾರ್ಚ್‌ನಲ್ಲಿ ನನ್ನ ಮಗಳು ಮೂರನೇ ತರಗತಿಯಲ್ಲಿದ್ದಳು. ಮಗ ಆ ವರ್ಷ ಒಂದನೇ ತರಗತಿಗೆ ಸೇರಬೇಕಿತ್ತು. ಇಬ್ಬರೂ ಅರಸೀಕೆರೆ ಸೀಮೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವರು. ಆ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನೂ ಸದಸ್ಯೆಯಾಗಿದ್ದುದರಿಂದ ತರಗತಿಯ ಒಳಗೆ ನಡೆದದ್ದನ್ನೂ ಸ್ವಲ್ಪ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಪಕ್ಕದಲ್ಲಿ ಕುಳಿತು, ಅದು ಓದುವುದನ್ನು ಕಿವಿಗೊಟ್ಟು ಕೇಳುವಷ್ಟು ಬಿಡುವು ಶಿಕ್ಷಕರಿಗೆ ಇದ್ದಾಗಲೆಲ್ಲ ಈ ಎರಡೂ ಕಾರ್ಯಕ್ರಮಗಳು ಮಕ್ಕಳನ್ನು ಎತ್ತಿ ನಿಲ್ಲಿಸಿದವು. ಆ ಬಿಡುವು ಇಲ್ಲದಾಗ, ಮಕ್ಕಳು ಬರೆದು ಅಭ್ಯಾಸ ಮಾಡಲೆಂದು ಎಷ್ಟೇ ಚೆನ್ನಾಗಿ ರೂಪಿಸಿದ ಕಲಿಕಾ ಹಾಳೆಯೂ ತುಂಬಿಸಿ ಕಡತಕ್ಕೆ ಸೇರಿಸುವ ಕಾಗದವಾಗಿಯೇ ಉಳಿಯಿತು.

ವಿದ್ಯಾಗಮಕ್ಕೆ ಮುಂಚಿನ ನಾಲ್ಕೈದು ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರ್ಚ್ ಮಧ್ಯದಲ್ಲಿ ಶಾಲೆ ಮುಚ್ಚಿತು. ಯೂಟ್ಯೂಬ್‌ನಲ್ಲಿ ಇಲಾಖೆಯ ಮಕ್ಕಳ ವಾಣಿ ಬಂತು, ಜುಲೈನಿಂದ ಚಂದನ ವಾಹಿನಿಯಲ್ಲಿ ದೊಡ್ಡ ತರಗತಿಗಳಿಗೆ ಹಿಂದಿನ ವರ್ಷದ ಕಲಿಕೆಯನ್ನು ಹೊಸ ವರ್ಷಕ್ಕೆ ಜೋಡಿಸುವ ಸೇತುಬಂಧದ ಪಾಠಗಳು ಬಂದವು. ಜೂನ್ 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸಿದ್ದು ದೊಡ್ಡ ಕೆಲಸವೇ ಸರಿ. ಆದರೆ ಮೂರನೇ ತರಗತಿ ಮುಗಿಸಿದ ಮಗುವಿಗೆ ಅದರಿಂದ ಏನೂ ದಕ್ಕಲಿಲ್ಲ. ಮನೆಯಲ್ಲಿದ್ದುದು ಒಂದೇ ಸ್ಮಾರ್ಟ್‌ಫೋನ್. ಅದು ಬೆಳಿಗ್ಗೆ ಯಜಮಾನರ ಜೇಬಿನಲ್ಲಿ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋದರೆ ಸಂಜೆಯೇ ವಾಪಸು. ಸಂಬಂಧಿಕರ ಮಾತು ಕೇಳಿ ಒಂದು ಕಲಿಕಾ ಆ್ಯಪ್‌ಗೆ ಕಂತಿನಲ್ಲಿ ಹಣ ಕಟ್ಟಿದೆವು. ಚಿತ್ರಗಳು ಸುಂದರವಾಗಿದ್ದವು, ಮಗಳು ಪಿಳಿಪಿಳಿ ನೋಡುತ್ತಿದ್ದಳು. ಅವಳಿಗೆ ಏನು ತಿಳಿಯಲಿಲ್ಲ ಎಂಬುದು ಮಾತ್ರ ಆ ಪರದೆಗೆ ತಿಳಿಯುವಂತಿರಲಿಲ್ಲ. ಮೂರು ತಿಂಗಳ ನಂತರ ಕಂತು ನಿಲ್ಲಿಸಲು ಪಟ್ಟ ಪಾಡು ಬೇರೆಯೇ ಕತೆ.

ವಿದ್ಯಾಗಮ ಶುರುವಾದದ್ದು ಇಂಥ ಹೊತ್ತಿನಲ್ಲಿ. ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವ ಫೋನೂ ಇಲ್ಲದವರು ಎಂದು ಮೂರು ಗುಂಪಾಗಿ ನೋಡಿ, ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬರಂತೆ ಮಾರ್ಗದರ್ಶಿ ಶಿಕ್ಷಕರನ್ನು ಗೊತ್ತುಮಾಡಿ, ಮರದ ನೆರಳು, ಗುಡಿಯ ಪ್ರಾಂಗಣ, ಸಮುದಾಯ ಭವನ ಹೀಗೆ ಸಿಕ್ಕ ಜಾಗದಲ್ಲಿ ಪಾಠ ನಡೆಸುವುದು ಅದರ ಕ್ರಮ. ಜನ ಅದನ್ನು ವಠಾರ ಶಾಲೆ ಎಂದೇ ಕರೆದರು. ಈ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಮೊದಲ ಹೆಜ್ಜೆ. ಮಗುವಿನ ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಕೇಳಿ ತಿಳಿದುಕೊಂಡ ನಂತರವೇ ಪಾಠದ ಮಾತು ಬಂತು. ನಮ್ಮ ಶಿಕ್ಷಕಿ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಬಂದಾಗ, ಫೋನ್ ಇಲ್ಲ ಎನ್ನಲು ನಾಚಿಕೊಂಡವರ ಮನೆಯಲ್ಲಿ ಅವರು ಆ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದ್ದನ್ನು ನಾನೇ ನೋಡಿದೆ: “ರಾತ್ರಿ ಎಂಟರ ಮೇಲೆ ನಿಮಗೆ ಯಾವ ನಂಬರಿಗೆ ಕರೆ ಮಾಡಿದರೆ ಸಿಗುತ್ತೀರಿ?”

ಮೊದಲ ವಾರ ನಮ್ಮೂರಿನ ಪಾಠ ಗುಡಿಯ ಜಗುಲಿಯ ಮೇಲೆ ನಡೆಯಿತು. ಮಕ್ಕಳು ದೂರ ದೂರ ಕೂರಲೆಂದು ಸುಣ್ಣದಲ್ಲಿ ವೃತ್ತಗಳನ್ನು ಬರೆದಿದ್ದರು. ಎರಡನೆಯ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ಊರಾಚೆಯ ಕೇರಿಯ ನಾಲ್ವರು ಮಕ್ಕಳು ಮೆಟ್ಟಿಲ ಕೆಳಗೇ ಚೀಲ ಹಿಡಿದು ನಿಂತಿದ್ದರು. ಯಾರೂ ಬೇಡವೆನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಶಾಲೆಯ ಕಟ್ಟಡದಲ್ಲಿ ಎಲ್ಲರಿಗೂ ಒಂದೇ ಹೊಸ್ತಿಲು. ಗುಡಿಯ ಜಗುಲಿಗೆ ಆ ಗುಣವಿಲ್ಲ. ಶಿಕ್ಷಕಿ ಯಾರ ಮೇಲೂ ಕೂಗಾಡದೆ ಮುಂದಿನ ಸೋಮವಾರದಿಂದ ಪಾಠವನ್ನು ಸಮುದಾಯ ಭವನಕ್ಕೆ ಬದಲಾಯಿಸಿದರು, ನಾಲ್ವರೂ ಒಳಗೆ ಬಂದರು. ಪಾಠ ಶಾಲೆಯ ಹೊರಗೆ ಬಂದಾಗ ಊರಿನ ಹಳೆಯ ಗೆರೆಗಳೂ ಪಾಠದ ನಡುವೆ ಬರುತ್ತವೆ ಎಂಬುದನ್ನು ಜಾಗ ಆರಿಸುವ ಮೊದಲೇ ಯೋಚಿಸಬೇಕಿತ್ತು. ಈ ಯೋಜನೆಯ ಬಗ್ಗೆ ನನಗಿರುವ ಗಂಭೀರ ಆಕ್ಷೇಪಗಳಲ್ಲಿ ಇದು ಮೊದಲನೆಯದು.

ಭವನದಲ್ಲಿ ನಡೆದ ಪಾಠ ಹೇಗಿತ್ತೆಂದರೆ, ದೊಡ್ಡವರಿಗೆ ಬರೆಯುವ ಕೆಲಸ ಕೊಟ್ಟು, ಶಿಕ್ಷಕಿ ಒಬ್ಬೊಬ್ಬರೇ ಮಗುವನ್ನು ಕರೆದು ಓದಿಸುತ್ತಿದ್ದರು. ನನ್ನ ಮಗಳ ಸರದಿ ಬಂದಾಗ ನಾನು ಬಾಗಿಲ ಬಳಿ ಇದ್ದೆ. ಮೂರನೇ ತರಗತಿಯಲ್ಲಿ ಸರಾಗವಾಗಿ ಓದುತ್ತಿದ್ದವಳು ಒತ್ತಕ್ಷರ ಬಂದಾಗಲೆಲ್ಲ ತಡವರಿಸಿದಳು. ‘ಪುಸ್ತಕ’ ಅವಳ ಬಾಯಲ್ಲಿ ‘ಪುಸಕ’ವಾಯಿತು, ‘ಕಷ್ಟ’ವನ್ನು ಹಾರಿಸಿಯೇ ಬಿಟ್ಟಳು. ಶಿಕ್ಷಕಿ ತಿದ್ದಲಿಲ್ಲ. ಒತ್ತಕ್ಷರದ ಕೆಳಗೆ ಒಂದು ಹುಣಸೆಬೀಜ ಇಟ್ಟು, “ಇಲ್ಲೊಬ್ಬರು ಕೆಳಗೆ ಕೂತಿದ್ದಾರೆ, ಅವರನ್ನೂ ಮಾತಾಡಿಸು” ಎಂದರು. ಮಗಳು ನಕ್ಕು ಮತ್ತೆ ಓದಿದಳು. ಐದು ತಿಂಗಳಲ್ಲಿ ಅವಳು ಏನನ್ನು ಮರೆತಿದ್ದಾಳೆ ಎಂಬುದು ನನಗೆ ಗೊತ್ತಾದದ್ದು ಅಂದೇ. ದಿನವೂ ಅವಳ ಜೊತೆಗೇ ಇದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

ಕೊರತೆಗಳೂ ಇದ್ದವು. ಭವನದಲ್ಲಿ ಶೌಚಾಲಯವಿರಲಿಲ್ಲ, ಹೆಣ್ಣುಮಕ್ಕಳು ಮನೆಗೆ ಓಡಿಹೋಗಿ ಬರಬೇಕಿತ್ತು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಬರುತ್ತಿತ್ತು. ಮನೆಗೆ ಬಂದ ಅಕ್ಕಿ ಮನೆಯ ಎಲ್ಲರದ್ದೂ ಆಗುತ್ತದೆ, ಮಗುವಿನ ತಟ್ಟೆಗೆಂದೇ ಬೇಯುವುದಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟೆಂದರೆ, ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ಸುದ್ದಿಗಳ ಬಳಿಕ 2020ರ ಅಕ್ಟೋಬರ್‌ನಲ್ಲಿ ಕಾರ್ಯಕ್ರಮವನ್ನು ರಾಜ್ಯದಾದ್ಯಂತ ನಿಲ್ಲಿಸಿದ್ದು. ಶಿಕ್ಷಕರ ಜೀವದ ಪ್ರಶ್ನೆ ಸಣ್ಣದಲ್ಲ. ಮನೆಮನೆಗೆ ಓಡಾಡಿದವರು ಅವರೇ, ಅವರ ಮನೆಗಳಲ್ಲೂ ವಯಸ್ಸಾದವರಿದ್ದರು. ಆದರೆ ಸೋಂಕೇ ಇಲ್ಲದ ಊರಿಗೂ, ಹತ್ತು ಮನೆಗಳಲ್ಲಿ ಜ್ವರವಿದ್ದ ಊರಿಗೂ ಒಂದೇ ಆದೇಶ ಹೊರಟದ್ದು ಸರಿಯಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. 2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ತೆರೆದಾಗ, ಆರರಿಂದ ಒಂಬತ್ತನೇ ತರಗತಿಯವರಿಗೆ ಶಾಲೆಯ ಆವರಣದಲ್ಲೇ ವಿದ್ಯಾಗಮ ಮರಳಿತು. ಒಂದರಿಂದ ಐದರವರೆಗಿನ ಮಕ್ಕಳು ಆ ಪಟ್ಟಿಯಲ್ಲಿ ಇರಲಿಲ್ಲ. ಏಪ್ರಿಲ್‌ನ ಎರಡನೇ ಅಲೆ ಉಳಿದದ್ದನ್ನೂ ಮುಚ್ಚಿಸಿತು. ತಾನೇ ಓದಿಕೊಳ್ಳಬಲ್ಲ ಮಗುವಿಗೆ ಮೊದಲು ಶಾಲೆ ತೆರೆಯಿತು, ಓದಲು ಇನ್ನೂ ಕಲಿಯಬೇಕಾದ ಮಗುವಿಗೆ ಕೊನೆಗೆ.

ಆ ಕೊನೆಯ ದಿನ 2021ರ ಅಕ್ಟೋಬರ್ 25. ಆಗಸ್ಟ್ 23ರಿಂದ ಪ್ರೌಢಶಾಲೆ, ಸೆಪ್ಟೆಂಬರ್ 6ರಿಂದ ಆರರಿಂದ ಎಂಟು ತೆರೆದ ನಂತರ ಚಿಕ್ಕವರ ಸರದಿ ಬಂದಿತ್ತು. ಹತ್ತೊಂಬತ್ತು ತಿಂಗಳ ನಂತರ ಮಾವಿನ ತೋರಣ ಕಟ್ಟಿದ ಬಾಗಿಲಲ್ಲಿ ನಿಂತು ನಾವು ಪಾಲಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು. ನನ್ನ ಮಗ ಅಂದು ನೇರವಾಗಿ ಎರಡನೇ ತರಗತಿಗೆ ಕಾಲಿಟ್ಟ. ಒಂದನೇ ತರಗತಿಯ ಕೋಣೆಯನ್ನು ಅವನು ನೋಡಿಯೇ ಇರಲಿಲ್ಲ. ಸ್ಲೇಟನ್ನು ತಲೆಕೆಳಗಾಗಿ ಹಿಡಿದಿದ್ದ. ಗಂಟೆ ಬಾರಿಸಿದರೆ ಯಾಕೆಂದು ಅಕ್ಕನನ್ನು ಕೇಳುತ್ತಿದ್ದ. ಮೊದಲ ಕೆಲವು ದಿನ ಅರ್ಧ ದಿನದ ಶಾಲೆ ಇಟ್ಟು, ನವೆಂಬರ್‌ನ ಆರಂಭದಲ್ಲಿ ಪೂರ್ಣ ದಿನವನ್ನೂ ಬಿಸಿಯೂಟವನ್ನೂ ಒಟ್ಟಿಗೆ ತಂದದ್ದು ಬಹಳ ಒಳ್ಳೆಯ ಕ್ರಮವಾಗಿತ್ತು. ಅಡುಗೆಮನೆಯ ಹೊಗೆ ಕಂಡ ಮೇಲೆ ಹಾಜರಿ ತಾನಾಗಿಯೇ ಏರಿತು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ತೆರೆದು ತೋರಿಸಿದರು.

ನಮ್ಮ ಮನೆಯ ಕತೆ ಒಂಟಿಯಲ್ಲ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಕುರಿತು ಅಧ್ಯಯನ ನಡೆಸಿದಾಗ, ಎರಡರಿಂದ ಆರನೇ ತರಗತಿಯ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ಕಲಿತಿದ್ದ ಭಾಷೆಯ ಕನಿಷ್ಠ ಒಂದು ಸಾಮರ್ಥ್ಯವನ್ನೂ, ಶೇ 82ರಷ್ಟು ಮಂದಿ ಗಣಿತದ ಕನಿಷ್ಠ ಒಂದು ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಹೊಸದು ಕಲಿಯದಿದ್ದದ್ದು ಒಂದು ನಷ್ಟ, ಕಲಿತದ್ದು ಕೈಜಾರಿದ್ದು ಇನ್ನೊಂದು. ಎರಡನೆಯದನ್ನು ಒಪ್ಪಿಕೊಂಡು ರೂಪಿಸಿದ ಕಾರ್ಯಕ್ರಮ ಎಂಬುದೇ ಕಲಿಕಾ ಚೇತರಿಕೆಯ ದೊಡ್ಡ ಗುಣ. ಬೇಸಿಗೆ ರಜೆಯನ್ನು ಮೊಟಕುಗೊಳಿಸಿ 2022ರ ಮೇ 16ರಂದೇ ಶಾಲೆ ತೆರೆದರು. ಮೊದಲ ಹದಿನಾಲ್ಕು ದಿನ ಮಳೆಬಿಲ್ಲು ಎಂಬ ಹೆಸರಿನಲ್ಲಿ ಆಟ, ಕತೆ, ಆಟಿಕೆ ತಯಾರಿಕೆ ಮುಂತಾದ ಚಟುವಟಿಕೆಗಳು ನಡೆದವು. ಇದನ್ನು ಕಾಲಹರಣ ಎಂದ ಪಾಲಕರೂ ಇದ್ದರು. ಹೊಸ ಮುಖ ಕಂಡರೆ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತಿದ್ದ ನನ್ನ ಮಗ, ತೆಂಗಿನ ಗರಿಯ ಪೀಪಿ ಊದುತ್ತಾ ಮನೆಗೆ ಬಂದದ್ದನ್ನು ಕಂಡ ನಾನು ಹಾಗೆ ಹೇಳಲಾರೆ.

ಆ ಮೇಲೆ ಬಂದದ್ದು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ರೂಪಿಸಿದ ಕಲಿಕಾ ಹಾಳೆಗಳು. ಹಿಂದಿನ ಎರಡು ವರ್ಷಗಳ ಅತ್ಯಗತ್ಯ ಕಲಿಕಾ ಫಲಗಳನ್ನು, ಅಂದರೆ ಮಗು ಕಲಿತಿರಲೇಬೇಕಾದ ಅಂಶಗಳನ್ನು, ಆ ವರ್ಷದ ಕಲಿಕೆಯ ಜೊತೆ ಹೆಣೆದ ಹಾಳೆಗಳವು. ಆರನೇ ತರಗತಿಗೆ ಬಂದಿದ್ದ ಮಗಳ ಒಂದು ಗಣಿತದ ಹಾಳೆಯನ್ನು ಉದಾಹರಣೆಗೆ ಹೇಳುತ್ತೇನೆ. 502ರಲ್ಲಿ 178 ಕಳೆಯಬೇಕಿತ್ತು; ಅವಳು 476 ಎಂದು ಬರೆದಿದ್ದಳು. ತಪ್ಪು ಎಂದು ಕೆಂಪು ಗೀಟು ಎಳೆದರೆ ಅಲ್ಲಿಗೆ ಮುಗಿಯಿತು. ಶಿಕ್ಷಕಿ ಅವಳನ್ನು ಕರೆದು, ಹೇಗೆ ಮಾಡಿದೆ ಹೇಳು ಎಂದಾಗ ವಿಷಯ ಹೊರಬಂತು: ಪ್ರತಿ ಸ್ಥಾನದಲ್ಲೂ ಮೇಲೆ ಕೆಳಗೆ ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದಳು. ಎಂಟರಲ್ಲಿ ಎರಡು ಹೋದರೆ ಆರು, ಏಳರಲ್ಲಿ ಸೊನ್ನೆ ಹೋದರೆ ಏಳು, ಐದರಲ್ಲಿ ಒಂದು ಹೋದರೆ ನಾಲ್ಕು. ದಶಕ ತರುವುದು ನೆನಪಿನಿಂದ ಅಳಿಸಿಹೋಗಿತ್ತು. ಗರಿಕಡ್ಡಿಗಳನ್ನು ಹತ್ತರ ಕಟ್ಟುಗಳಾಗಿ ಕಟ್ಟಿ, ಹತ್ತು ಕಟ್ಟು ಸೇರಿಸಿ ನೂರರ ಹೊರೆ ಮಾಡಿ, ಒಂದು ಹೊರೆ ಬಿಚ್ಚಿಸಿ, ಅದರಿಂದ ಒಂದು ಕಟ್ಟು ಬಿಚ್ಚಿಸಿದ ಮೇಲೆ ಅವಳ ಮುಂದೆ ನಾಲ್ಕು ಹೊರೆ, ಒಂಬತ್ತು ಕಟ್ಟು, ಹನ್ನೆರಡು ಬಿಡಿ ಕಡ್ಡಿ ಇದ್ದವು. 324 ತಾನಾಗಿ ಬಂತು. ಇಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ, ಒಂದು ಮಗುವಿಗೆ.

ಕಾರ್ಯಕ್ರಮದ ದೋಷವೂ ಈ ಇಪ್ಪತ್ತು ನಿಮಿಷದಲ್ಲೇ ಇದೆ. ಪ್ರತಿ ಮಗುವಿಗೆ ಪ್ರತಿ ವಿಷಯಕ್ಕೆ ಹಾಳೆ ಮಾಡಿಸಿ, ನೋಡಿ, ಮೌಲ್ಯಮಾಪನ ದಾಖಲಿಸಿ, ಮಗುವಿನ ಕೆಲಸಗಳನ್ನು ಕೂಡಿಡುವ ಕಡತವಾದ ಕೃತಿ ಸಂಪುಟಕ್ಕೆ ಸೇರಿಸಬೇಕಿತ್ತು. ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ, ನವೆಂಬರ್ ಹೊತ್ತಿಗೆ ಹಾಳೆಗಳು ಮುಂದೆ ಓಡಿ ಮಕ್ಕಳು ಹಿಂದೆ ಉಳಿದರು. ಮಗಳ ಸಂಪುಟದಲ್ಲಿ ಜುಲೈನ ಹಾಳೆಗಳ ಅಂಚಿನಲ್ಲಿ ಶಿಕ್ಷಕಿಯ ಕೈಬರಹದ ಟಿಪ್ಪಣಿಗಳಿವೆ, ಜನವರಿಯ ಹಾಳೆಗಳಲ್ಲಿ ಸಹಿ ಮಾತ್ರವಿದೆ. ಕಲಿಕಾ ಫಲಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಓದು, ಬರಹ, ಲೆಕ್ಕಗಳಿಗೆ ಇಮ್ಮಡಿ ಸಮಯ ಕೊಟ್ಟಿದ್ದರೆ ಒಳ್ಳೆಯದಿತ್ತು. ಮಗನಿಗೆ ಈ ತೊಂದರೆ ಅಷ್ಟು ತಟ್ಟಲಿಲ್ಲ. ಒಂದರಿಂದ ಮೂರರವರೆಗೆ ನಮ್ಮಲ್ಲಿ ಮೊದಲಿನಿಂದಲೂ ಇರುವುದು ನಲಿ ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಮಗು ತಾನಿರುವ ಮೆಟ್ಟಿಲಿನಿಂದಲೇ ಹತ್ತುತ್ತದೆ, ಮೂರನೇ ತರಗತಿಯ ಹುಡುಗ ಮೊದಲ ಮೆಟ್ಟಿಲಲ್ಲಿ ಕುಳಿತರೂ ಅದು ಅವಮಾನವಲ್ಲ. ವರ್ಷದ ಕೊನೆಗೆ ಅವನು ಸರಳ ವಾಕ್ಯಗಳನ್ನು ಬೆರಳಿಟ್ಟು ಓದುತ್ತಿದ್ದ. ಅವನ ವಯಸ್ಸಿಗೆ ಅದು ಕಡಿಮೆಯೇ. ಆದರೆ ಎಲ್ಲಿಂದ ಹೊರಟ ಎಂಬುದು ನನಗೆ ಗೊತ್ತು.

ಮಕ್ಕಳ ಕೃತಿ ಸಂಪುಟ ಇನ್ನೂ ಮನೆಯಲ್ಲಿರುವ ಪಾಲಕರು ಒಮ್ಮೆ ತೆರೆದು, ಅಂಚಿನಲ್ಲಿ ಟಿಪ್ಪಣಿ ನಿಂತುಹೋದ ಪುಟ ಯಾವುದೆಂದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಮಗುವಿಗೆ ಇಂದು ತೊಡಕಾಗಿರುವ ಪಾಠದ ಬೇರು ಅಲ್ಲಿರುವ ಸಾಧ್ಯತೆ ಹೆಚ್ಚು. ನಮ್ಮ ಎಸ್‌ಡಿಎಂಸಿಯಲ್ಲಿ ಒಂದು ಠರಾವು ಬರೆದಿಟ್ಟಿದ್ದೇವೆ. ಮುಂದೆ ಯಾವ ಕಾರಣಕ್ಕಾದರೂ ಶಾಲೆ ವಾರಗಟ್ಟಲೆ ಮುಚ್ಚಿದರೆ, ಮೊದಲ ಸಭೆಯಲ್ಲೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ದಾಖಲಾಗಬೇಕು: ಯಾವ ಇಪ್ಪತ್ತು ಮಕ್ಕಳಿಗೆ ಯಾವ ಶಿಕ್ಷಕರು, ಎಲ್ಲ ಕೇರಿಯವರೂ ಹಿಂಜರಿಯದೆ ಬರುವ ಜಾಗ ಯಾವುದು, ಒಂದನೇ ತರಗತಿಯವರಿಗೆ ವಾರದಲ್ಲಿ ಎಷ್ಟು ದಿನ, ಮತ್ತು ಬಿಸಿಯೂಟ ಎಲ್ಲಿ ಬೇಯುತ್ತದೆ.