ಲೆಕ್ಕಪತ್ರ ಕ್ಲೌಡ್‌ಗೆ ಹಾಕಿಸುವ ಮೊದಲು ಅಕೌಂಟ್ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ನಾನು ನೋಡಲಿಲ್ಲ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮ ಲೆಕ್ಕವನ್ನು ಕ್ಲೌಡ್‌ಗೆ ಹಾಕಿಕೊಟ್ಟ ಸಾಫ್ಟ್‌ವೇರ್ ಹುಡುಗರೇ ಈಗ ನಮ್ಮ ಪಕ್ಕದ ಮಂಡಿಗಳಿಗೂ ಹೋಗಿ ಅದೇ ಮಾತು ಹೇಳುತ್ತಿದ್ದಾರಂತೆ.

ನಮ್ಮದು ಶಿವಮೊಗ್ಗ ಕಡೆಯ ಅಡಿಕೆ ಮಂಡಿ. ಅಪ್ಪನ ಕಾಲದಲ್ಲಿ ಕಿರ್ದಿ ಪುಸ್ತಕ, ನನ್ನ ಕಾಲಕ್ಕೆ ಕಂಪ್ಯೂಟರಿನಲ್ಲಿ ಟ್ಯಾಲಿ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದರು. ರೈತರ ಖಾತೆ, ಮುಂಗಡ, ಮಾರಾಟದ ಪಟ್ಟಿ ಎಲ್ಲ ಮೊಬೈಲಲ್ಲೇ ನೋಡಬಹುದು, ಡೇಟಾ ಕ್ಲೌಡ್‌ನಲ್ಲಿ, ಅಂದರೆ ಬೇರೆ ಊರಿನ ಬಾಡಿಗೆ ಕಂಪ್ಯೂಟರುಗಳಲ್ಲಿರುತ್ತೆ, ಅಂಗಡಿಗೆ ಬೆಂಕಿ ಬಿದ್ದರೂ ಲೆಕ್ಕ ಎಲ್ಲಿಗೂ ಹೋಗಲ್ಲ ಅಂದರು. ಮಾಡಿಸಿದೆ. ವರ್ತಕರ ಮೀಟಿಂಗಲ್ಲಿ ಎದ್ದು ನಿಂತು "ನಮ್ಮ ಮಂಡಿ ಪೂರ್ತಿ ಡಿಜಿಟಲ್" ಅಂತ ಹೇಳಿಕೊಂಡೂ ಬಂದೆ. ಈಗ ಅದು ನೆನಪಾದರೆ ಮೈ ಉರಿಯುತ್ತೆ.

ಮಾಡಿಕೊಡೋಕೆ ಎರಡೂಮುಕ್ಕಾಲು ಲಕ್ಷ. ಕ್ಲೌಡ್ ಬಾಡಿಗೆ ಅಂತ ತಿಂಗಳಿಗೆ ಆರೇಳು ಸಾವಿರ. ಅದರ ಮೇಲೆ ವರ್ಷಕ್ಕೆ 18,000 ರೂಪಾಯಿಯ 'ಸೆಕ್ಯೂರಿಟಿ ಪ್ಯಾಕೇಜ್'. ಈ ಹದಿನೆಂಟು ಸಾವಿರ ನೆನಪಿಟ್ಟುಕೊಳ್ಳಿ.

ಒಂದು ಸೋಮವಾರ ಬೆಳಗ್ಗೆ ಆ್ಯಪ್ ತೆರೆಯಲಿಲ್ಲ. ಫೋನ್ ಮಾಡಿದೆ. "ಮೇಂಟೆನೆನ್ಸ್ ನಡೀತಿದೆ ಸರ್, ಹತ್ತು ನಿಮಿಷ." ಮಧ್ಯಾಹ್ನವೂ ಅದೇ ಹತ್ತು ನಿಮಿಷ. ಸಂಜೆ ಅವರಿಂದ ಒಂದು ಮೇಲ್ ಬಂತು. ಮಾತಿಲ್ಲ, ವಿವರಣೆ ಇಲ್ಲ. ಬರೀ ಬಿಲ್. 4,38,000 ರೂಪಾಯಿ!

ನಮ್ಮ ಡೇಟಾ ಇದ್ದದ್ದು ಮುಂಬೈನಲ್ಲಿ. ಬಿಲ್ಲಿನಲ್ಲಿ ಟೋಕಿಯೊ, ಫ್ರಾಂಕ್‌ಫರ್ಟ್, ಸಾವೊ ಪಾಲೊ. ನಮ್ಮ ಅಡಿಕೆಯೇ ಕಾನ್ಪುರ, ದೆಹಲಿ ದಾಟಿ ಹೋಗಿಲ್ಲ. ಯಾರೋ ನಮ್ಮ ಅಕೌಂಟಿಗೆ ನುಗ್ಗಿ, ದೇಶ ದೇಶಗಳಲ್ಲಿ ದೊಡ್ಡ ದೊಡ್ಡ ಸರ್ವರ್ ಹಚ್ಚಿ, ವಾರಾಂತ್ಯವಿಡೀ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡಿದ್ದರು. ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ ಅದು. ನಾಣ್ಯ ಅವರಿಗೆ, ಬಿಲ್ಲು ನನಗೆ.

ಕಂಪನಿಯವನ ಉತ್ತರ ಕೇಳಿ. "ಸರ್, ಕ್ಲೌಡ್ ಹ್ಯಾಕ್ ಆಗೋದೇ ಇಲ್ಲ. ನಿಮ್ಮ ಅಂಗಡಿಯವರೇ ಯಾರೋ ಪಾಸ್‌ವರ್ಡ್ ಕೊಟ್ಟಿರಬೇಕು."

ನಾನು ನಂಬಿಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿರುವ ಗುಮಾಸ್ತರನ್ನು ಒಳಗೆ ಕೂರಿಸಿಕೊಂಡು ಕೇಳಬಾರದ್ದೆಲ್ಲ ಕೇಳಿದೆ. ಅವರು ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಎದ್ದು ಹೋದರು. ದುಡ್ಡು ಹೋಗಲಿ, ಇದನ್ನು ಹೇಗೆ ತುಂಬಿಕೊಡಲಿ?

ಎರಡು ದಿನ ಬಿಟ್ಟು ತಂಗಿ ಮಗ ಬಂದ, ಇಂಜಿನಿಯರಿಂಗ್ ಮೂರನೇ ವರ್ಷ. ಲ್ಯಾಪ್‌ಟಾಪ್ ತೆಗೆದು ಗಿಟ್‌ಹಬ್‌ನಲ್ಲಿ ಆ ಕಂಪನಿ ಹೆಸರು ಹುಡುಕಿದ. ಪ್ರೋಗ್ರಾಮ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಜಾಗ ಅದು. ಟೀ ಆರುವ ಮೊದಲೇ ಸಿಕ್ಕಿಬಿಟ್ಟಿತು. ನಮ್ಮ ಆ್ಯಪಿನ ಕೋಡ್ ಯಾರು ಬೇಕಾದರೂ ನೋಡುವ ಹಾಗೆ ಬಿದ್ದಿತ್ತು. ಅದರೊಳಗೆ ಉದ್ದನೆಯ ಅಕ್ಷರ, ಅಂಕಿಗಳ ಎರಡು ಸಾಲು.

"ಮಾವ, ಇದು ನಿಮ್ಮ ಮಂಡಿಯ ಬೀಗದ ಕೈ" ಅಂದ.

ನಮ್ಮ ಕ್ಲೌಡ್ ಅಕೌಂಟ್ ತೆರೆಯುವ ಕೀ ಅದು. ಆ ಎರಡು ಸಾಲನ್ನೇ ನೋಡುತ್ತಾ ಕೂತೆ. ಬರೀ ಪಟ್ಟಿ ಪ್ರಿಂಟ್ ಮಾಡುವ ಕೆಲಸಕ್ಕೆ ಇಡೀ ಗೋದಾಮಿನ ಬೀಗದ ಕೈ ಗೊಂಚಲು ಕೊಟ್ಟು, ಅದನ್ನು ಬಸ್ ಸ್ಟ್ಯಾಂಡಿನಲ್ಲಿ ನೇತುಹಾಕಿದ್ದರು. ಇಂಥ ಕೀ ಹುಡುಕುವುದಕ್ಕೇ ಬಾಟ್‌ಗಳು, ಅಂದರೆ ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಮ್‌ಗಳು, ಹಗಲೂ ರಾತ್ರಿ ಓಡುತ್ತಿರುತ್ತವಂತೆ, ಹಾಕಿದ ಕೆಲವೇ ನಿಮಿಷಕ್ಕೆ ಹೆಕ್ಕಿಕೊಳ್ಳುತ್ತವಂತೆ. ಊಬರ್‌ನಂಥ ಊಬರ್‌ಗೇ 2016ರಲ್ಲಿ ಗಿಟ್‌ಹಬ್‌ನಲ್ಲಿದ್ದ ಕೀ ಕಳ್ಳರ ಕೈ ಸೇರಿ 5.7 ಕೋಟಿ ಜನರ ಮಾಹಿತಿ ಹೋಯಿತು ಅಂತ ಅಳಿಯ ಸಮಾಧಾನ ಹೇಳಿದ. ಸಮಾಧಾನ ಆಗಲಿಲ್ಲ.

ಮತ್ತೆ ಫೋನ್. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದು ಇಂಟರ್ನ್ ಒಬ್ಬ ಮಾಡಿದ್ದು ಸರ್, ಅವನು ಕೆಲಸ ಬಿಟ್ಟಿದ್ದಾನೆ."

ಹಾಗಾದರೆ ಬಿಲ್ ನೀವೇ ಕಟ್ಟಿ ಅಂದೆ. "ಕ್ಲೌಡ್‌ನಲ್ಲಿ ಶೇರ್ಡ್ ರೆಸ್ಪಾನ್ಸಿಬಿಲಿಟಿ ಸರ್."

ಈ ಮಾತಿನ ಅರ್ಥ ಆಮೇಲೆ ತಿಳಿದುಕೊಂಡೆ. ಕಟ್ಟಡ, ಯಂತ್ರ, ಕರೆಂಟು ಕ್ಲೌಡ್ ಕಂಪನಿಯ ಹೊಣೆ. ಕೀ ಯಾರ ಕೈಲಿದೆ, ಯಾವ ಫೈಲ್ ಯಾರಿಗೆ ಕಾಣಬೇಕು ಅನ್ನುವುದು ಗ್ರಾಹಕನ ಹೊಣೆ. ಸರಿ, ಗ್ರಾಹಕ ಯಾರು? ನಾನಲ್ಲ! ಅಕೌಂಟ್ ತೆರೆದದ್ದು ಅವರ ಇಮೇಲಿನಲ್ಲಿ. ಬಿಲ್ ಕಡಿಮೆ ಮಾಡಿ ಅಂತ ಕ್ಲೌಡ್ ಕಂಪನಿಗೆ ನಾನೇ ಬರೆದರೆ, ಅಕೌಂಟ್ ಯಾರದೋ ಅವರೇ ಕೇಳಬೇಕು ಅಂತ ಉತ್ತರ ಬಂತು. ದುಡ್ಡು ಕಟ್ಟುವಾಗ ಮಾತ್ರ ನಾನು ಮಾಲೀಕ.

ಇನ್ನು ಆ ಹದಿನೆಂಟು ಸಾವಿರ. ಅದರಲ್ಲಿ ಏನೇನಿದೆ ಅಂತ ಕೇಳಿದೆ. "ಎಸ್‌ಎಸ್‌ಎಲ್ ಇದೆ ಸರ್." ಕೆಲವು ಬ್ರೌಸರ್‌ಗಳಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಇರುತ್ತಲ್ಲ, ಅದರ ಸರ್ಟಿಫಿಕೇಟು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತೆ. ಅಸಲಿ ಬೀಗ ಎಲ್ಲೂ ಇರಲಿಲ್ಲ. ಅಕೌಂಟಿಗೆ ಓಟಿಪಿ ಇಲ್ಲ. ಖರ್ಚು ಇಷ್ಟು ದಾಟಿದರೆ ಮೆಸೇಜ್ ಬರಲಿ ಅನ್ನುವ ಒಂದು ಅಲರ್ಟ್ ಇಲ್ಲ. ಬ್ಯಾಕಪ್ಪೂ ಅದೇ ಅಕೌಂಟಿನೊಳಗೆ. ಕಳ್ಳರು ಅಳಿಸಿದ್ದರೆ ಎರಡೂ ಒಟ್ಟಿಗೆ ಹೋಗುತ್ತಿತ್ತು. 2014ರಲ್ಲಿ ಕೋಡ್ ಸ್ಪೇಸಸ್ ಅನ್ನುವ ಕಂಪನಿಗೆ ಆದದ್ದೂ ಇದೇ. ಡೇಟಾ, ಬ್ಯಾಕಪ್ ಎರಡನ್ನೂ ಅಳಿಸಿಬಿಟ್ಟರು, ಕಂಪನಿಯೇ ಮುಚ್ಚಿತು.

ಅಳಿಯ ಲಾಗ್ ಕೇಳು ಅಂದ. ಯಾರು ಬಂದರು, ಏನು ತೆಗೆದರು ಅನ್ನುವ ದಾಖಲೆ ಅದು. "ಆನ್ ಮಾಡಿರಲಿಲ್ಲ ಸರ್, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್." 2022ರ ಏಪ್ರಿಲ್‌ನಲ್ಲೇ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೇಳಿದೆ, ಲಾಗ್ 180 ದಿನ ಇಡಬೇಕು, ಇಂಥದ್ದು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಅಂತ. ಅದನ್ನು ಹೇಳಿದರೆ, "ಅದೆಲ್ಲ ದೊಡ್ಡ ಕಂಪನಿಗಳಿಗೆ ಸರ್." ನನ್ನ ಹತ್ತಿರ ಬಂದಾಗ ದೊಡ್ಡ ಕಂಪನಿ ಅಂತಲೇ ಹೇಳಿಕೊಂಡಿದ್ದರು.

ಮಾಡಿಸುವವರು ಮಾಡಿಸಿ, ಬೇಡ ಅನ್ನಲ್ಲ. ಅಕೌಂಟ್ ನಿಮ್ಮ ಇಮೇಲಿನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲೇ ಇರಲಿ. ಓಟಿಪಿ ನಿಮಗೇ ಬರಲಿ. ಬಿಲ್ ಅಲರ್ಟ್ ಮೊದಲ ದಿನವೇ ಹಾಕಿಸಿ. ಬ್ಯಾಕಪ್ಪಿನ ಒಂದು ಪ್ರತಿ ಬೇರೆ ಕಡೆ ಇಡಿ, ಮನೆ ಗಾಡ್ರೇಜಿನಲ್ಲಿ ಹಾರ್ಡ್ ಡಿಸ್ಕ್ ಆದರೂ ಸರಿ. 'ಸೆಕ್ಯೂರಿಟಿ ಪ್ಯಾಕೇಜ್' ಅಂದರೆ ಒಳಗೆ ಏನಿದೆ ಅಂತ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಟೀ ಕುಡಿಸಿ ಕಳಿಸಿ.

ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ದೂರು ಕೊಟ್ಟಿದ್ದೇನೆ. ಬಿಲ್ ಕಟ್ಟಿಲ್ಲ, ಕಟ್ಟಲ್ಲ. ಮೊನ್ನೆ ಅವರಿಂದ ಮೆಸೇಜ್ ಬಂದಿದೆ, ಸೆಕ್ಯೂರಿಟಿ ಪ್ಯಾಕೇಜ್ ರಿನ್ಯೂ ಮಾಡಿದರೆ ಶೇಕಡ 10 ರಿಯಾಯಿತಿಯಂತೆ. ಸದ್ಯಕ್ಕೆ ಲೆಕ್ಕ ಮತ್ತೆ ಪುಸ್ತಕದಲ್ಲಿ. ಗುಮಾಸ್ತರೇ ಬರೆಯುತ್ತಿದ್ದಾರೆ. ಕ್ಷಮೆ ಕೇಳಿದೆ. "ಇರಲಿ ಬಿಡಿ" ಅಂದರು, ತಲೆ ಎತ್ತಲಿಲ್ಲ.

ರೈತರ ಆಧಾರ್, ಪಾಸ್‌ಬುಕ್ ಫೋಟೋ ಎಲ್ಲ ಆ ಅಕೌಂಟಿನಲ್ಲೇ ಇದ್ದವು. ಕಳ್ಳರು ತೆಗೆದುಕೊಂಡರೋ ಇಲ್ಲವೋ ಲಾಗ್ ಇಲ್ಲದೆ ಹೇಳೋಕೆ ಆಗಲ್ಲ. ಅದಕ್ಕೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ, ಬ್ಯಾಂಕಿನವರು ಅಂತ ಯಾರಾದರೂ ಕರೆದರೆ ಏನೂ ಹೇಳಬೇಡಿ ಅಂತಿದ್ದೇನೆ. ನೂರಾ ನಲವತ್ತು ಜನಕ್ಕೆ ಆಯಿತು. ಇನ್ನೂ ಮುನ್ನೂರು ಜನ ಇದ್ದಾರೆ.