ಜೋರ್ಕಿ-4ರ ಲೊಡಲೊಡ ಲೆನ್ಸ್: ಮೂರು ರಿಪೇರಿ ಮಾಡಿ ನೋಡಿದೆ

ದೊಡ್ಡಪ್ಪ ಬಿಟ್ಟುಹೋದ ಜೋರ್ಕಿ-4 ಕ್ಯಾಮೆರಾ ತುಮಕೂರಿನ ನಮ್ಮ ಮನೆಯ ಅಟ್ಟದಲ್ಲಿತ್ತು. ಸೋವಿಯತ್ ಒಕ್ಕೂಟದ ಕ್ರಾಸ್ನಗೋರ್ಸ್ಕ್ ಕಾರ್ಖಾನೆಯ ಮಾಲು, 50 ಮಿ.ಮೀ.ನ ಜುಪಿಟರ್-8 ಲೆನ್ಸ್. ಶಟರ್ ಚೆನ್ನಾಗಿತ್ತು, ಲೆನ್ಸ್ ಮಾತ್ರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ. ಅದನ್ನು ಸರಿಮಾಡಲು ಮೂರು ದಾರಿ ಹಿಡಿದೆ: ಹೊರಗಿನಿಂದ ಸ್ಕ್ರೂ ಬಿಗಿಯುವುದು, ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದು, ಬಾಡಿಯಲ್ಲಿ ಲೆನ್ಸ್ ಕೂರುವ ಮೌಂಟ್ ರಿಂಗ್ ಬಿಚ್ಚಿ, ಅದರ ಕೆಳಗೆ ಶಿಮ್ (ಅಳತೆ ಕೂಡಿಸುವ ತೆಳು ಬಿಲ್ಲೆ) ಹಾಕಿ ಕೂರಿಸುವುದು.

ಸ್ಕ್ರೂಡ್ರೈವರ್ ಕೇಳಲು ಹೋದದ್ದು ಪಕ್ಕದ ಮನೆಯ ಮಾವನ ಹತ್ತಿರ. ಅವರು ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕ್ಯಾಮೆರಾ ಕೈಗೆ ತಗೊಂಡು, "ಬಿಗಿ ಮಾಡೋದು ಆಮೇಲೆ ಕಣಪ್ಪ, ಎಲ್ಲಿ ಅಲ್ಲಾಡ್ತದೆ ಅಂತ ಮೊದ್ಲು ನೋಡು" ಅಂದರು.

ನೋಡಿದರೆ ಅಲ್ಲಾಟ ಎರಡು ಕಡೆ ಇತ್ತು. ಲೆನ್ಸ್ ಬಿಚ್ಚಿ ಕೈಯಲ್ಲಿ ಹಿಡಿದಾಗಲೂ ಅದರ ಮೂತಿ ತಿರುಗುತ್ತಿತ್ತು. ಜುಪಿಟರ್-8ರಲ್ಲಿ ಗಾಜುಗಳ ಕಟ್ಟು ಫೋಕಸ್ ಕೊಳವೆಯೊಳಗೆ ತಿರುಪಿನಿಂದ ಕೂತಿರುತ್ತದೆ, ಬೆಳಕಿನ ಪ್ರಮಾಣ ಹೊಂದಿಸುವ ಅಪರ್ಚರ್ ರಿಂಗ್ ತಿರುಗಿಸುವಾಗ ಅದೇ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಫೋಕಸ್ ರಿಂಗ್ ಒತ್ತಿ ಹಿಡಿದು ಮೂತಿಯನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಿದೆ, ಒಂದು ನಿಮಿಷದ ಕೆಲಸ. ಲೆನ್ಸ್ ಅಲ್ಲಾಡಿದರೆ ಯಾರೇ ಆಗಲಿ ಮೊದಲು ಇದನ್ನೇ ನೋಡಬೇಕು. ಈ ಕಟ್ಟು ಮುಂದೆ ಬಂದಿದ್ದರೆ ರೇಂಜ್‌ಫೈಂಡರಿಗೆ (ಕಿಂಡಿಯಲ್ಲಿ ಕಾಣುವ ಎರಡು ಬಿಂಬ ಕೂಡಿಸಿ ಫೋಕಸ್ ಹೊಂದಿಸುವ ವ್ಯವಸ್ಥೆ) ಅದು ಗೊತ್ತೇ ಆಗುವುದಿಲ್ಲ. ಕಿಂಡಿಯಲ್ಲಿ ಎರಡು ಬಿಂಬ ಕೂಡಿ ಒಂದಾಗಿರುತ್ತವೆ, ಫಿಲ್ಮ್ ಮೇಲೆ ಮಾತ್ರ ಮಸುಕು.

ಉಳಿದ ಅಲ್ಲಾಟ ಬಾಡಿಯ ಮೌಂಟ್ ರಿಂಗಿನದು. ಮಾವನ ವಾಚ್ ಸ್ಕ್ರೂಡ್ರೈವರಿನಿಂದ ಅದರ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ. ಹದಿನೈದು ನಿಮಿಷದಲ್ಲಿ ಲೆನ್ಸ್ ಬಂಡೆಯ ಹಾಗೆ ನಿಂತಿತು. ಖುಷಿಯಿಂದ ಎರಡು ಮೀಟರ್ ದೂರದಿಂದ ದೊಡ್ಡಮ್ಮನ ಫೋಟೊ ತೆಗೆದೆ. ಫಿಲ್ಮ್ ತೊಳೆಸಿ ನೋಡಿದರೆ ದೊಡ್ಡಮ್ಮನ ಕಣ್ಣು ಮಸುಕು, ಹಿಂದಿದ್ದ ಕುರ್ಚಿಯ ಹೆಣಿಗೆ ಎಳೆಎಳೆಯಾಗಿ ಸ್ಪಷ್ಟ.

ಟೆಫ್ಲಾನ್ ಟೇಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥ್ರೆಡ್ ಸವೆದು ಲೆನ್ಸ್ ಸಡಿಲ ಕೂತಿರಬಹುದು ಅಂದುಕೊಂಡು ನಲ್ಲಿಗೆ ಸುತ್ತುವ ಹಾಗೆ ಸುತ್ತಿದೆ. ಲೆನ್ಸ್ ಪೂರ್ತಿ ಒಳಗೆ ಕೂರಲಿಲ್ಲ. ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಬಿಳಿ ಎಳೆಗಳು ಕಿತ್ತುಬಂದು ಬಟ್ಟೆಯ ಶಟರ್ ಪರದೆಯ ಪಕ್ಕ ಬಿದ್ದಿದ್ದವು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ.

ಮೂರನೆಯದಕ್ಕೆ ಮೂರು ಸಂಜೆ ಹಿಡಿಯಿತು. ಈ ಬಗೆಯ 39 ಮಿ.ಮೀ. ತಿರುಪಿನ ಮೌಂಟಿನಲ್ಲಿ ರಿಂಗಿನ ಮುಖದಿಂದ ಫಿಲ್ಮಿಗೆ 28.8 ಮಿ.ಮೀ. ಇರಬೇಕು. ಆ ಲೆಕ್ಕ ಕೂಡಿಸಲೆಂದೇ ರಿಂಗಿನ ಕೆಳಗೆ ತೆಳುವಾದ ಶಿಮ್ ಇಡುತ್ತಾರೆ. ಮಾವನ ಹತ್ತಿರವಿದ್ದ, ಆಳ ಅಳೆಯುವ ಡೆಪ್ತ್ ಗೇಜಿನಲ್ಲಿ ನಾಲ್ಕೂ ಕಡೆ ಅಳೆದೆ, 28.7 ಬಂತು. ರಿಂಗ್ ಬಿಚ್ಚಿದರೆ ಕೆಳಗೆ ಒಂದು ಹರಿದ ಚೂರು ಬಿಟ್ಟು ಏನೂ ಇಲ್ಲ. ಹಿಂದೊಮ್ಮೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಸರ್ವಿಸ್ ಆಗಿತ್ತು. ಅಲ್ಲಿ ಶಿಮ್ ಕಳೆದು, ಇನ್ಫಿನಿಟಿ (ಬಹು ದೂರದ ಫೋಕಸ್) ತಪ್ಪಿದ್ದನ್ನು ಮುಚ್ಚಲು ರೇಂಜ್‌ಫೈಂಡರನ್ನೇ ತಿರುಗಿಸಿ ಹೊಂದಿಸಿದ್ದಾರೆ ಅನ್ನುವುದು ನನ್ನ ಅಂದಾಜು. ಹಾಗೆ ಮುಟ್ಟದೆ ಬಿಟ್ಟಿದ್ದರೆ ರೇಂಜ್‌ಫೈಂಡರೇ ಆ ವ್ಯತ್ಯಾಸ ತೋರಿಸಿಕೊಡುತ್ತಿತ್ತು.

0.1 ಮಿ.ಮೀ. ಅಂದರೆ ಒಂದು ಝೆರಾಕ್ಸ್ ಹಾಳೆಯ ದಪ್ಪ. ಅಷ್ಟಕ್ಕೇ 50 ಮಿ.ಮೀ. ಲೆನ್ಸಿನಲ್ಲಿ ಎರಡು ಮೀಟರ್ ದೂರದ ಫೋಕಸ್ ಸುಮಾರು 16 ಸೆಂ.ಮೀ. ಹಿಂದೆ ಸರಿಯುತ್ತದೆ. ದೊಡ್ಡಮ್ಮನ ಕಣ್ಣಿನಿಂದ ಕುರ್ಚಿಯ ಬೆನ್ನಿಗೆ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ ದೂರ.

80 ಜಿಎಸ್‌ಎಂ ಝೆರಾಕ್ಸ್ ಹಾಳೆಯನ್ನೇ ರಿಂಗಿನ ಅಳತೆಗೆ ಕತ್ತರಿಸಿ, ಸ್ಕ್ರೂ ತೂತು ಚುಚ್ಚಿ, ಕೆಳಗಿಟ್ಟು ಬಿಗಿದೆ. ಗೇಜ್ ನಾಲ್ಕೂ ಕಡೆ 28.8 ತೋರಿಸಿತು. ಅಷ್ಟಕ್ಕೇ ನಂಬಲಿಲ್ಲ. ಜೋರ್ಕಿ-4ರ ಹಿಂಬದಿ ಮುಚ್ಚಳ ಪೂರ್ತಿ ಕಳಚಿಬರುತ್ತದೆ, ಅದು ದೊಡ್ಡ ಅನುಕೂಲ. ಫಿಲ್ಮ್ ಹಾಯುವ ಪಟ್ಟಿಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಮೇಲೊಂದು ಗಾಜಿನ ತುಂಡು ಒತ್ತಿ, ಶಟರನ್ನು 'ಬಿ'ಗೆ ಹಾಕಿ ಕೇಬಲ್‌ನಿಂದ ತೆರೆದು ನಿಲ್ಲಿಸಿದೆ. ತಾರಸಿಯಿಂದ ದೇವರಾಯನದುರ್ಗದ ಬೆಟ್ಟದ ಕಡೆ ಹಿಡಿದು, ಅಪರ್ಚರ್ ಎಫ್/2ಕ್ಕೆ ತೆರೆದು, ಲೂಪ್ ಅನ್ನುವ ಭೂತಗನ್ನಡಿಯಲ್ಲಿ ನೋಡಿದೆ. ಇನ್ಫಿನಿಟಿಯಲ್ಲಿ ಬೆಟ್ಟದ ಅಂಚು ತಲೆಕೆಳಗಾಗಿ, ಗೆರೆ ಎಳೆದ ಹಾಗೆ ಕಂಡಿತು. ಆಮೇಲೆ ಅದೇ ಬೆಟ್ಟಕ್ಕೆ ರೇಂಜ್‌ಫೈಂಡರ್ ಹೊಂದಿಸಿದೆ. ಈ ಕ್ರಮ ತಿರುಗಾಮುರುಗಾ ಆಗಬಾರದು: ಮೊದಲು ಲೆನ್ಸ್, ಆಮೇಲೆ ರೇಂಜ್‌ಫೈಂಡರ್.

ಸ್ಕ್ರೂ ಮತ್ತೆ ಸಡಿಲವಾಗದಿರಲು ತಲೆಯ ಅಂಚಿಗೆ ಉಗುರುಬಣ್ಣದ ಒಂದು ಚುಕ್ಕೆ ಸಾಕು, ಬೇಕಾದಾಗ ಅಸಿಟೋನ್ ಹಚ್ಚಿದರೆ ಬಿಡುತ್ತದೆ. ಫೆವಿಕ್ವಿಕ್ ಹತ್ತಿರವೂ ತರಬೇಡಿ, ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ.

ಅಳತೆ 28.8 ಇದ್ದು ಸ್ಕ್ರೂ ಮಾತ್ರ ಸಡಿಲವಾಗಿದ್ದರೆ ಮೊದಲನೆಯ ದಾರಿಯೇ ಸಾಕು, ರಿಂಗ್ ಬಿಚ್ಚಬೇಡಿ. ಅಳೆಯದೆ ಬಿಗಿದದ್ದು ನನ್ನ ತಪ್ಪು, ಅದಕ್ಕೆ ಒಂದು ರೋಲ್ ಫಿಲ್ಮ್ ಹೋಯಿತು. ಕಳೆದ ಭಾನುವಾರ ದೊಡ್ಡಮ್ಮನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಮತ್ತೆ ತೆಗೆದೆ. ಈ ಸಲ ರೆಪ್ಪೆಯ ಕೂದಲು ಎಣಿಸಬಹುದು.