ಕುಮಟಾ ಲೈನು ಹೋದರೆ ಎಷ್ಟು ಮೆಸೇಜು? ಜ್ಯಾಬಿಕ್ಸ್, ಪ್ರೊಮೀಥಿಯಸ್, ಅಪ್‌ಟೈಮ್ ಕುಮಾ: ಒಂದು ಹೋಲಿಕೆ

ಶಿರಸಿಯಲ್ಲಿ ಮುಖ್ಯ ಕಚೇರಿ. ಸಿದ್ದಾಪುರ, ಯಲ್ಲಾಪುರ, ಕುಮಟಾ, ಕಾರವಾರಗಳಲ್ಲಿ ಶಾಖೆ. ಎಲ್ಲ ಸೇರಿ ಹನ್ನೆರಡು ಯಂತ್ರ. ಘಟ್ಟದ ಮೇಲೂ ಕೆಳಗೂ ವ್ಯವಹಾರ ಇರುವ ಸೊಸೈಟಿಗೋ ಅಡಕೆ ವಖಾರಿಗೋ ಇಷ್ಟು ಇರುವುದೇ. ಇಂಥ ಜೋಡಣೆಯ ಮೇಲೆ ಜ್ಯಾಬಿಕ್ಸ್ 7.0, ಪ್ರೊಮೀಥಿಯಸ್ ಮತ್ತು ಅದರ ಮೆಸೇಜು ಕಳಿಸುವ ಭಾಗವಾದ ಅಲರ್ಟ್‌ಮ್ಯಾನೇಜರ್, ಅಪ್‌ಟೈಮ್ ಕುಮಾದ ಒಂದನೇ ಆವೃತ್ತಿ, ಈ ಮೂರನ್ನೂ ಅಕ್ಕಪಕ್ಕ ಓಡಿಸಿ ನೋಡಿದ ಹೋಲಿಕೆ ಇದು. ಯಂತ್ರ, ಲೈನುಗಳ ಮೇಲೆ ನಿಗಾ ಇಟ್ಟು, ಏನಾದರೂ ಕೈಕೊಟ್ಟರೆ ಮೆಸೇಜು (ಅಲರ್ಟ್) ಕಳಿಸುವುದು ಇವುಗಳ ಕೆಲಸ. ಮೂರೂ ಮುಕ್ತ ತಂತ್ರಾಂಶ, ಲೈಸೆನ್ಸಿಗೆ ದುಡ್ಡಿಲ್ಲ.

ಗ್ರಾಫು ಯಾವುದರಲ್ಲಿ ಚಂದ ಎಂಬ ಚರ್ಚೆ ಇಲ್ಲಿಲ್ಲ. ಈ ಜಿಲ್ಲೆಯ ಮಳೆಗಾಲದಲ್ಲಿ ಸರ್ವರ್ ಕೆಡುವುದು ಅಪರೂಪ, ಕರೆಂಟು ಮತ್ತು ಕೇಬಲ್ಲು ಕೈಕೊಡುವುದು ನಿತ್ಯದ ಮಾತು. ಪರೀಕ್ಷೆಯೂ ಅದಕ್ಕೆ ತಕ್ಕಂತೆ: ಕುಮಟಾ ಶಾಖೆಯ ಫೈಬರ್ ಕಿತ್ತಿಡುವುದು, ಯುಪಿಎಸ್ ಪ್ಲಗ್ ತೆಗೆಯುವುದು, ಡಿಸ್ಕ್ ತುಂಬಿಸುವುದು, ಕೊನೆಗೆ ನಿಗಾ ಇಡುವ ಯಂತ್ರವನ್ನೇ ಆರಿಸುವುದು.

ಹಚ್ಚುವ ಕೆಲಸ

ಕುಮಾ ಅತಿ ಸುಲಭ. ತಂತ್ರಾಂಶವನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಡಾಕರ್ ಇರುವ ಯಂತ್ರದಲ್ಲಿ ಒಂದೇ ಆಜ್ಞೆ. 3001ನೇ ಪೋರ್ಟಿನಲ್ಲಿ ಪುಟ ತೆರೆದು ಹೆಸರು, ಪಾಸ್‌ವರ್ಡ್ ಕೊಟ್ಟರೆ ಚಹಾ ಆರುವುದರೊಳಗೆ ಮೊದಲ ಪಿಂಗ್ (ಯಂತ್ರ ಉತ್ತರಿಸುತ್ತದೆಯೇ ಎಂಬ ತಪಾಸಣೆ) ಓಡುತ್ತಿರುತ್ತದೆ. ಎಡವುವುದು ಎರಡು ಕಡೆ. ವಾಲ್ಯೂಮ್ (ಡೇಟಾ ಉಳಿಸುವ ಹೊರಗಿನ ಜಾಗ) ಜೋಡಿಸದೆ ಓಡಿಸಿದರೆ ಕಂಟೇನರ್ ಅಳಿಸಿ ಹೊಸದು ಹಾಕಿದ ದಿನ ಎಲ್ಲವೂ ಖಾಲಿ. ಆ ವಾಲ್ಯೂಮನ್ನು ನೆಟ್‌ವರ್ಕಿನಾಚೆಯ ಎನ್‌ಎಫ್‌ಎಸ್ ಫೋಲ್ಡರಿನಲ್ಲಿಟ್ಟರೆ ಒಳಗಿನ ಎಸ್‌ಕ್ಯುಲೈಟ್ ಡೇಟಾಬೇಸ್ ಕೆಡುವ ಸಂಭವ ಇದೆ. ಅದೇ ಯಂತ್ರದ ಡಿಸ್ಕಿನಲ್ಲೇ ಇಡಬೇಕು.

ಜ್ಯಾಬಿಕ್ಸ್‌ಗೆ ಅರ್ಧ ದಿನ ಎತ್ತಿಡಿ. ಡೇಟಾಬೇಸ್, ಸರ್ವರ್, ಪಿಎಚ್‌ಪಿಯ ವೆಬ್ ಪುಟ, ಪ್ರತಿ ಯಂತ್ರಕ್ಕೊಂದು ಏಜೆಂಟ್, ಅಂದರೆ ಅಲ್ಲಿನ ಅಂಕಿ ತೆಗೆದುಕೊಡುವ ಸಣ್ಣ ತಂತ್ರಾಂಶ. ಮೈಎಸ್‌ಕ್ಯುಎಲ್ ಬಳಸುವವರು ಸ್ಕೀಮಾ (ಕೋಷ್ಟಕಗಳ ರಚನೆ) ತುಂಬುವ ಮೊದಲು ‘ಲಾಗ್ ಬಿನ್ ಟ್ರಸ್ಟ್ ಫಂಕ್ಷನ್ ಕ್ರಿಯೇಟರ್ಸ್’ ಎಂಬ ಸೆಟ್ಟಿಂಗನ್ನು 1 ಮಾಡಿಕೊಂಡು, ಮುಗಿದ ಮೇಲೆ 0ಗೆ ತಿರುಗಿಸಬೇಕು. ಇಲ್ಲದಿದ್ದರೆ ಬೈನರಿ ಲಾಗ್ ಚಾಲೂ ಇರುವ ಡೇಟಾಬೇಸು ಟ್ರಿಗರ್ ರಚಿಸಲು ಬಿಡದೆ ಆಮದು ನಡುವೆಯೇ ನಿಲ್ಲುತ್ತದೆ. ಏಜೆಂಟಿನಲ್ಲಿ ಆಗುವ ತಪ್ಪು ಸದಾ ಒಂದೇ: ಕಡತದಲ್ಲಿ ಬರೆದ ಯಂತ್ರದ ಹೆಸರು ಸರ್ವರಿನಲ್ಲಿ ಕೊಟ್ಟ ಹೆಸರಿನೊಡನೆ ಅಕ್ಷರಕ್ಕೆ ಅಕ್ಷರ ಹೊಂದದಿರುವುದು. ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಏಜೆಂಟೇ ಡೇಟಾ ಕಳಿಸುವ ‘ಆ್ಯಕ್ಟಿವ್’ ಬಗೆಯಲ್ಲಿ ಹೆಸರು ತಪ್ಪಿದರೆ ಏನೂ ಬರುವುದಿಲ್ಲ, ದೂರು ಲಾಗಿನಲ್ಲಿ ಮಾತ್ರ. ಸರ್ವರ್ ಬಂದು ಕೇಳುವುದಕ್ಕೆ 10050, ಏಜೆಂಟ್ ಹೋಗಿ ಕೊಡುವುದಕ್ಕೆ 10051, ಫೈರ್‌ವಾಲಿನಲ್ಲಿ ಎರಡನ್ನೂ ನೆನಪಿಡಿ. ಮೊದಲ ಲಾಗಿನ್‌ನ ‘ಅಡ್ಮಿನ್’, ‘ಜ್ಯಾಬಿಕ್ಸ್’ ಜೋಡಿ ಲೋಕಕ್ಕೆಲ್ಲ ಗೊತ್ತು, ಅಂದೇ ಬದಲಿಸಿ.

ಪ್ರೊಮೀಥಿಯಸ್ ಇಳಿಸುವುದು ಸಲೀಸು, ಬರೆಯುವುದು ಕಷ್ಟ. ಎಲ್ಲವೂ ಯಾಮಲ್ ಎಂಬ ಪಠ್ಯರೂಪದ ಕಡತ. ಒಂದು ಖಾಲಿ ಜಾಗ ಆಚೀಚೆ ಆದರೂ ಏಳುವುದಿಲ್ಲ, ಹಾಗಾಗಿ ಪ್ರತಿ ಬದಲಾವಣೆಯ ಮೇಲೂ ಜೊತೆಗೇ ಬರುವ ಪ್ರಾಮ್‌ಟೂಲಿನಿಂದ ತಪಾಸಣೆ ಮಾಡಿಯೇ ಮರುಚಾಲನೆ. ಅಂಕಿ ತೆಗೆದುಕೊಡುವ ಎಕ್ಸ್‌ಪೋರ್ಟರ್‌ಗಳು ಬೇರೆ: ಯಂತ್ರಗಳಿಗೆ 9100ನೇ ಪೋರ್ಟಿನಲ್ಲಿ ನೋಡ್ ಎಕ್ಸ್‌ಪೋರ್ಟರ್, ಪಿಂಗ್‌ಗೆ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್, ಸ್ವಿಚ್ಚಿಗೆ ಎಸ್‌ಎನ್‌ಎಂಪಿ ಎಕ್ಸ್‌ಪೋರ್ಟರ್ ಎಂದು ಒಂದೊಂದಕ್ಕೆ ಒಂದೊಂದು. ತಾನಾಗಿ ಪಾಸ್‌ವರ್ಡ್ ಕೇಳುವ ಅಭ್ಯಾಸ ಇದಕ್ಕಿಲ್ಲ. ಅದರ ಪುಟದ 9090, ಎಕ್ಸ್‌ಪೋರ್ಟರಿನ 9100 ಪೋರ್ಟುಗಳನ್ನು ಖಾಸಗಿ ಜಾಲವಾದ ವಿಪಿಎನ್ ಒಳಗೇ ಇಡಬೇಕು.

ಜಾಗದ ಲೆಕ್ಕ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಪ್ರೊಮೀಥಿಯಸ್‌ನಲ್ಲಿ ಯಂತ್ರಕ್ಕೆ ಸುಮಾರು 1,000 ಸರಣಿ (ಅಳೆಯುವ ಬಾಬ್ತು) ಹಿಡಿದರೆ ಹನ್ನೆರಡಕ್ಕೆ 12,000. 30 ಸೆಕೆಂಡಿಗೊಮ್ಮೆ ತೆಗೆದರೆ ಸೆಕೆಂಡಿಗೆ 400 ಅಂಕಿ, ಒಂದಕ್ಕೆ ಹೆಚ್ಚೆಂದರೆ 2 ಬೈಟ್, ಅಂದರೆ ದಿನಕ್ಕೆ 70 ಎಂಬಿಯ ಆಸುಪಾಸು. ತಾನಾಗಿ 15 ದಿನ ಮಾತ್ರ ಇಟ್ಟುಕೊಳ್ಳುತ್ತದೆ; 90 ದಿನಕ್ಕೆ ಏರಿಸಿದರೂ 7 ಜಿಬಿ ದಾಟದು. ಜ್ಯಾಬಿಕ್ಸ್ ಒಂದು ಅಂಕಿಗೆ ಸುಮಾರು 90 ಬೈಟ್ ತಿನ್ನುತ್ತದೆ. ಯಂತ್ರಕ್ಕೆ 100 ಬಾಬ್ತು, ನಿಮಿಷಕ್ಕೊಮ್ಮೆ ಎಂದಿಟ್ಟರೂ ದಿನಕ್ಕೆ 155 ಎಂಬಿ, ತಿಂಗಳಿಗೆ 4.7 ಜಿಬಿ. ಇತಿಹಾಸದ ಅವಧಿ ನೋಡದೆ ಬಿಟ್ಟರೆ ಡಿಸ್ಕ್ ತುಂಬಿದೆಯೇ ಎಂದು ಕಾಯಬೇಕಾದ ತಂತ್ರಾಂಶವೇ ಡಿಸ್ಕ್ ತುಂಬಿಸುತ್ತದೆ. ಬೇಲಿಯೇ ಹೊಲ ಮೇಯುವುದು ಎಂದರೆ ಇದೇ.

ಲೈನು ಬಿದ್ದಾಗ

ಕುಮಟಾ ಶಾಖೆಯಲ್ಲಿ ಮೂರು ಪೆಟ್ಟಿಗೆ: ಸರ್ವರ್, ಬ್ಯಾಕಪ್ಪಿನ ನ್ಯಾಸ್ (ನೆಟ್‌ವರ್ಕಿನ ಡಿಸ್ಕ್ ಪೆಟ್ಟಿಗೆ), ಕ್ಯಾಮೆರಾ ರೆಕಾರ್ಡರ್. ಅವುಗಳ ಮೇಲೆ ಏಳು ನಿಗಾ. ಫೈಬರ್ ಕಿತ್ತ ಕೂಡಲೆ ಕುಮಾದಿಂದ ಏಳು ಮೆಸೇಜು, ಮರಳಿ ಸಿಕ್ಕಿಸಿದಾಗ ಮತ್ತೆ ಏಳು. ಕುಮಾದಲ್ಲಿ ಗುಂಪು ಮಾಡಲು ಬರುತ್ತದೆ, ಆದರೆ ರೂಟರ್ ಬಿದ್ದಿದೆ ಎಂದು ಅದರ ಹಿಂದಿನವು ಸುಮ್ಮನಾಗುವುದಿಲ್ಲ. ಮರುಪ್ರಯತ್ನದ ಸಂಖ್ಯೆಯನ್ನು 3ಕ್ಕೆ ಏರಿಸಿದರೆ ಕಣ್ಣುಮಿಟುಕಿಸುವ ಲೈನಿನ ಕಾಟ ತಗ್ಗುತ್ತದೆ. ನಿಜವಾಗಿ ತುಂಡಾದರೆ ಹದಿನಾಲ್ಕು ತಪ್ಪಿದ್ದಲ್ಲ.

ಅಲರ್ಟ್‌ಮ್ಯಾನೇಜರ್ ಇದನ್ನು ಎರಡು ದಾರಿಯಲ್ಲಿ ಹಿಡಿಯುತ್ತದೆ. ‘ಗ್ರೂಪ್ ಬೈ’ ಸಾಲಿನಲ್ಲಿ ಶಾಖೆಯ ಲೇಬಲ್ ಕೊಟ್ಟರೆ ಏಳೂ ಸೇರಿ ಒಂದು ಮೆಸೇಜು. ಮೊದಲ ಸಲ 30 ಸೆಕೆಂಡ್ ಕಾಯುತ್ತದೆ, ಗುಂಪಿಗೆ ಹೊಸದು ಸೇರಿದರೆ 5 ನಿಮಿಷ, ಅದೇ ತಕರಾರು ಮುಂದುವರಿದರೆ 4 ತಾಸಿಗೊಮ್ಮೆ ನೆನಪಿಸುತ್ತದೆ. ಎರಡನೆಯದು ‘ಇನ್‌ಹಿಬಿಟ್’ ನಿಯಮ: ಲೈನು ಇಲ್ಲ ಎಂಬ ಅಲರ್ಟ್ ಎದ್ದಿರುವಾಗ ಅದೇ ಶಾಖೆಯ ಉಳಿದವು ಮೌನ. ಇಲ್ಲೊಂದು ಗುಂಡಿ ಇದೆ. ಎರಡೂ ಕಡೆ ಶಾಖೆಯ ಲೇಬಲ್ ಸಮ ಇರಬೇಕು ಎಂದು ಬರೆದು, ಲೇಬಲ್ ಹಚ್ಚುವುದನ್ನೇ ಮರೆತರೆ ‘ಇಲ್ಲ’ ಮತ್ತು ‘ಇಲ್ಲ’ ಸಮ ಎಂದಾಗುತ್ತದೆ. ಆಗ ಕುಮಟಾ ಲೈನು ಬಿದ್ದದ್ದಕ್ಕೆ ಕಾರವಾರದ ಸರ್ವರಿನ ಅಲರ್ಟ್ ಕೂಡ ಬಾಯಿ ಮುಚ್ಚುತ್ತದೆ. ಸಮಯವನ್ನೂ ಹೊಂದಿಸಬೇಕು: ಲೈನಿನ ನಿಯಮಕ್ಕೆ 1 ನಿಮಿಷ, ಯಂತ್ರಗಳ ನಿಯಮಕ್ಕೆ 3 ನಿಮಿಷ ಕಾಯುವಿಕೆ. ಯಜಮಾನ ಮೊದಲು ಬೀಳದಿದ್ದರೆ ಆಳುಗಳ ಕೂಗು ಹೊರಬಂದಾಗಿರುತ್ತದೆ.

ಜ್ಯಾಬಿಕ್ಸ್‌ನಲ್ಲಿ ಟ್ರಿಗರ್‌ಗಳ, ಅಂದರೆ ಅಲರ್ಟ್ ಎಬ್ಬಿಸುವ ನಿಯಮಗಳ, ಅವಲಂಬನೆ ಇದೇ ಕೆಲಸ ಮಾಡುತ್ತದೆ, ಇದೇ ಸಮಯದ ಎಚ್ಚರವೂ ಬೇಕು. ಇನ್ನೂ ಒಳ್ಳೆಯ ದಾರಿ ಎಂದರೆ ಶಾಖೆಯಲ್ಲೇ ಒಂದು ಜ್ಯಾಬಿಕ್ಸ್ ಪ್ರಾಕ್ಸಿ ಇಡುವುದು. ಲೈನು ಹೋದಾಗ ಪ್ರಾಕ್ಸಿ ಅಲ್ಲಿನ ಅಂಕಿಗಳನ್ನು ಕೂಡಿಡುತ್ತದೆ, ಬಂದ ಮೇಲೆ ಸರಿಯಾದ ಸಮಯದೊಡನೆ ಕಳಿಸುತ್ತದೆ. ‘ಡೇಟಾ ಬರುತ್ತಿಲ್ಲ’ ಎಂಬ ಟ್ರಿಗರ್ ಕೂಡ ಪ್ರಾಕ್ಸಿ ಮಾತಿಗೆ ಸಿಗದ ಹೊತ್ತಿನಲ್ಲಿ ಅವಸರ ಮಾಡುವುದಿಲ್ಲ. ಆದರೆ ಕೂಡಿಡುವ ಅವಧಿ ತಾನಾಗಿ ಇರುವುದು 1 ತಾಸು ಮಾತ್ರ. ಶಿರಸಿ, ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ಮರವೋ ಮಣ್ಣೋ ಕೇಬಲ್ ಮೇಲೆ ಬಿದ್ದರೆ ಒಂದು ತಾಸಿನಲ್ಲಿ ಯಾರು ಜೋಡಿಸಿಯಾರು? ‘ಪ್ರಾಕ್ಸಿ ಆಫ್‌ಲೈನ್ ಬಫರ್’ ಅನ್ನು 72 ತಾಸಿಗೆ ಏರಿಸಿ. ಬಫರ್ ಡಿಸ್ಕಿನಲ್ಲೇ ಇರಲಿ. ಮೆಮೊರಿಯಲ್ಲಿಟ್ಟದ್ದು ಕರೆಂಟಿನ ಜೊತೆಗೇ ಹೋಗುತ್ತದೆ.

ಪ್ರೊಮೀಥಿಯಸ್‌ಗೂ ಇದಕ್ಕೆ ಸಮನಾದದ್ದು ಇದೆ. ಶಾಖೆಯಲ್ಲಿ ಅದನ್ನು ಏಜೆಂಟ್ ಮೋಡಿನಲ್ಲಿ ಓಡಿಸಿ, ಅಂಕಿಗಳನ್ನು ಮುಖ್ಯ ಕಚೇರಿಗೆ ದಾಟಿಸಿದರೆ (ರಿಮೋಟ್ ರೈಟ್) ಸುಮಾರು 2 ತಾಸಿನ ಕಡಿತ ತಾಳುತ್ತದೆ. ಅದರಾಚೆ ಗ್ರಾಫಿನಲ್ಲಿ ತೂತು. ನಮ್ಮ ಕಡೆಯ ಕಡಿತಕ್ಕೆ ಎರಡು ತಾಸು ಸಾಲದು.

ಪ್ರಾಕ್ಸಿಗೆ ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಸಾಕು ಎನ್ನುವವರಿಗೆ ಒಂದು ಮಾತು. ಪೈ 4ರಲ್ಲಿ ತನ್ನದೇ ಗಡಿಯಾರ ಇಲ್ಲ. ಕರೆಂಟು ಬಂತು, ಲೈನು ಬರಲಿಲ್ಲ ಎಂದಾದರೆ ಇಂಟರ್ನೆಟ್ಟಿನಿಂದ ಸಮಯ ತರುವ ಎನ್‌ಟಿಪಿ ಸಿಗದೆ ಹಳೆಯ ಸಮಯದಲ್ಲೇ ಅಂಕಿ ಬರೆಯುತ್ತದೆ, ಕೂಡಿಟ್ಟದ್ದೆಲ್ಲ ಕಲಸುಮೇಲೋಗರ. ಡಿಎಸ್3231 ಗಡಿಯಾರದ ತುಣುಕು ಹಾಕಿ, ಎಸ್‌ಡಿ ಕಾರ್ಡಿನ ಬದಲು ಎಸ್‌ಎಸ್‌ಡಿ ಬಳಸಿ. ಇಲ್ಲವೇ ಹಳೆಯ ಲ್ಯಾಪ್‌ಟಾಪ್ ಹುಡುಕಿ, ಅದಕ್ಕೆ ಬ್ಯಾಟರಿಯೂ ಗಡಿಯಾರವೂ ಒಟ್ಟಿಗೇ ಬರುತ್ತವೆ.

ಈ ಒಂದು ಪರೀಕ್ಷೆಯಲ್ಲೇ ತೀರ್ಪು ಬಹುಪಾಲು ಆಗಿಹೋಯಿತು. ಶಾಖೆಗಳಿರುವ ಕಚೇರಿಗೆ ಒಳಗಿನ ನಿಗಾಕ್ಕೆ ಜ್ಯಾಬಿಕ್ಸ್. ಕಂಟೇನರ್‌ಗಳಲ್ಲಿ ತಮ್ಮದೇ ತಂತ್ರಾಂಶ ಓಡಿಸುವವರಿಗೆ ಪ್ರೊಮೀಥಿಯಸ್ ಮಿಗಿಲು. ಹನ್ನೆರಡು ಪೆಟ್ಟಿಗೆಗೆ ಅದನ್ನು ಹೂಡುವುದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಕುಮಾವನ್ನು ಬಿಸಾಡಬೇಡಿ, ಅದರ ಜಾಗ ಬೇರೆಯೇ ಇದೆ.

ಕರೆಂಟು, ಡಿಸ್ಕು

ಯುಪಿಎಸ್‌ನಿಂದ ಮಾಹಿತಿ ತೆಗೆಯಲು ಮೂರಕ್ಕೂ ನಟ್ ಎಂಬ ತಂತ್ರಾಂಶವೇ ಆಧಾರ. ಜ್ಯಾಬಿಕ್ಸ್‌ನಲ್ಲಿ ಏಜೆಂಟಿಗೆ ಒಂದು ಯೂಸರ್ ಪ್ಯಾರಾಮೀಟರ್ (ನಾವೇ ಬರೆದುಕೊಡುವ ಆಜ್ಞೆ), ಪ್ರೊಮೀಥಿಯಸ್‌ಗೆ ನಟ್ ಎಕ್ಸ್‌ಪೋರ್ಟರ್, ಕುಮಾಕ್ಕೆ ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್‌ನಿಂದ ಪುಶ್, ಅಂದರೆ ಯಂತ್ರವೇ ಕುಮಾದ ವಿಳಾಸವನ್ನು ಕರೆಯುವುದು. ಬ್ಯಾಟರಿ ಮೇಲಿದ್ದರೆ ಸ್ಥಿತಿ ‘ಓಬಿ’. ಹಲವು ಯುಪಿಎಸ್‌ಗಳು ಅದರ ಪಕ್ಕ ‘ಡಿಸ್ಚಾರ್ಜ್’ ಎಂಬ ಇನ್ನೊಂದು ಪದವನ್ನೂ ಸೇರಿಸುವುದರಿಂದ ‘ಓಬಿಗೆ ಸಮ’ ಎಂಬ ಶರತ್ತು ಹುಸಿಯಾಗುತ್ತದೆ. ‘ಓಬಿ ಒಳಗೊಂಡಿದೆಯೇ’ ಎಂದು ನೋಡಬೇಕು. ಕರೆಂಟು ಹೋದದ್ದಕ್ಕೇ ಅಲರ್ಟ್ ಇಟ್ಟರೆ ಆಷಾಢದಲ್ಲಿ ಫೋನು ಕೆಳಗಿಡುವಂತಿಲ್ಲ. 10 ನಿಮಿಷ ಬ್ಯಾಟರಿ ಮೇಲಿದ್ದು ಚಾರ್ಜು 60 ಶೇಕಡಾಕ್ಕಿಂತ ಇಳಿದರೆ ಮಾತ್ರ ಕೂಗು, ಉಳಿದದ್ದು ದಾಖಲೆಗೆ. ಅಗ್ಗದ ಯುಪಿಎಸ್‌ಗಳಲ್ಲಿ ಚಾರ್ಜಿನ ಅಂಕಿ ಬರೀ ವೋಲ್ಟೇಜಿನಿಂದ ಊಹಿಸಿದ್ದು. ಹಳೆಯ ಬ್ಯಾಟರಿಯಲ್ಲಿ 60 ತೋರಿಸಿ ಮರುಕ್ಷಣವೇ ಆರಬಹುದು. ಪ್ಲಗ್ ಕಿತ್ತು ಗಡಿಯಾರ ಹಿಡಿದು ನೋಡಿದ್ದೇ ನಿಜವಾದ ಅಂಕಿ.

ಯುಪಿಎಸ್‌ಗೆ ಡೇಟಾ ಪೋರ್ಟೇ ಇಲ್ಲವೇ? ಹಳೆಯ ರೂಟರೊಂದನ್ನು ಯುಪಿಎಸ್ ತಪ್ಪಿಸಿ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ಪಿಂಗ್ ಮಾಡಿ. ಅದು ಸತ್ತು ಉಳಿದವು ಬದುಕಿದ್ದರೆ ಕರೆಂಟು ಇಲ್ಲ ಎಂದರ್ಥ. ಫೈಬರಿನ ಪೆಟ್ಟಿಗೆ ಮತ್ತು ಸ್ವಿಚ್ಚು ಮಾತ್ರ ಯುಪಿಎಸ್ ಮೇಲೆಯೇ ಇರಬೇಕು. ಕಾರವಾರದ ಸೆಕೆಗೆ ಇನ್ನೊಂದು ಬಾಬ್ತು: ಎಸಿ ಯುಪಿಎಸ್ ಮೇಲಿರುವುದಿಲ್ಲ, ಕರೆಂಟು ಬಂದ ಮೇಲೆ ತಾನಾಗಿ ಶುರುವಾಗುವ ಸೌಲಭ್ಯ ಎಲ್ಲ ಎಸಿಗೂ ಇಲ್ಲ. ಸರ್ವರ್ ಬದುಕಿರುತ್ತದೆ, ಕೋಣೆ ಬಿಸಿಯೇರುತ್ತಿರುತ್ತದೆ. ಯಂತ್ರದ ತಾಪಮಾನವನ್ನೂ ನಿಗಾಕ್ಕೆ ಸೇರಿಸಿ.

ಡಿಸ್ಕ್ ವಿಷಯದಲ್ಲಿ ಪ್ರೊಮೀಥಿಯಸ್‌ನ ‘ಪ್ರಿಡಿಕ್ಟ್ ಲೀನಿಯರ್’ ಮತ್ತು ಜ್ಯಾಬಿಕ್ಸ್‌ನ ‘ಟೈಮ್‌ಲೆಫ್ಟ್’ ಒಂದೇ ತೂಕ. ಈಗಿನ ವೇಗದಲ್ಲಿ 24 ತಾಸಿನೊಳಗೆ ತುಂಬುತ್ತದೆಯೇ ಎಂದು ಕೇಳುತ್ತವೆ. ಶೇಕಡಾ 80 ಎಂಬ ಗೆರೆಗಿಂತ ಇದು ಉಪಯುಕ್ತ. ‘ಫ್ರೀ’ ಬಿಟ್ಟು ‘ಅವೈಲಬಲ್’ ಅಂಕಿ ತೆಗೆದುಕೊಳ್ಳಿ, ಏಕೆಂದರೆ ಲಿನಕ್ಸಿನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ 5 ಶೇಕಡಾ ರೂಟ್‌ಗೆಂದು (ಯಂತ್ರದ ಯಜಮಾನ ಖಾತೆಗೆ) ಮೀಸಲಿರುತ್ತದೆ. ಕುಮಾಕ್ಕೆ ಯಂತ್ರದ ಒಳಗು ಕಾಣುವುದೇ ಇಲ್ಲ.

ಕಾವಲುಗಾರನೇ ಮಲಗಿದರೆ

ಶಿರಸಿಯ ಲೈನೇ ಹೋದರೆ ಒಳಗಿನ ಯಾವ ತಂತ್ರಾಂಶವೂ ಹೊರಗೆ ಮೆಸೇಜು ಕಳಿಸಲಾರದು. ಜ್ಯಾಬಿಕ್ಸ್ ತಾನಾಗಿ 10 ಸೆಕೆಂಡಿನ ಅಂತರದಲ್ಲಿ ಮೂರು ಸಲ ಪ್ರಯತ್ನಿಸಿ ಕೈಬಿಡುತ್ತದೆ, ಆಮೇಲೆ ಲೈನು ಬಂದರೂ ಆ ಮೆಸೇಜು ಹೋಗದು. ಮೆಸೇಜು ಕಳಿಸುವ ಆ್ಯಕ್ಷನ್‌ನ ಹಂತವನ್ನು ‘1ರಿಂದ 0’ (0 ಎಂದರೆ ಕೊನೆಯಿಲ್ಲ) ಎಂದು, ಅವಧಿ 30 ನಿಮಿಷ ಎಂದು ಕೊಟ್ಟರೆ ತಕರಾರು ಇರುವವರೆಗೂ ಅರ್ಧ ತಾಸಿಗೊಮ್ಮೆ ಹೊಸದು ಹುಟ್ಟುತ್ತದೆ. ಅಲರ್ಟ್‌ಮ್ಯಾನೇಜರ್ ಇಲ್ಲಿ ಜಾಣ: ತಲುಪಲಿಲ್ಲ ಎಂದು ನೆನಪಿಟ್ಟು, ಅಲರ್ಟ್ ಇನ್ನೂ ಉರಿಯುತ್ತಿದ್ದರೆ ಮತ್ತೆ ಕಳಿಸುತ್ತದೆ.

ಕುಮಾದ ಜಾಗ ಇದೇ. ಅದನ್ನು ಕಚೇರಿಯ ಹೊರಗೆ, ಬಾಡಿಗೆಯ ಸಣ್ಣ ವಿಪಿಎಸ್‌ನಲ್ಲಿ (ಇಂಟರ್ನೆಟ್ಟಿನಲ್ಲಿರುವ ಸರ್ವರ್) ಇಡಿ. ಶಿರಸಿಯ ಜ್ಯಾಬಿಕ್ಸ್ ಯಂತ್ರದ ಕ್ರಾನ್ ನಿಮಿಷಕ್ಕೊಮ್ಮೆ ಕುಮಾದ ಪುಶ್ ವಿಳಾಸವನ್ನು ಕರೆಯಲಿ. ಕರೆ ನಿಂತರೆ ಹೊರಗಿನಿಂದ ಅಲರ್ಟ್. ಇದಕ್ಕೆ ಸ್ಥಿರ ಐಪಿ ಬೇಕಿಲ್ಲ, ಬ್ರಾಡ್‌ಬ್ಯಾಂಡ್ ಸಿಜಿನ್ಯಾಟ್ (ಹಲವರಿಗೆ ಒಂದೇ ಐಪಿ ಹಂಚುವ ವ್ಯವಸ್ಥೆ) ಹಿಂದಿದ್ದರೂ ನಡೆಯುತ್ತದೆ. ಕ್ರಾನ್ ಸಾಲಿನಲ್ಲಿ ಜ್ಯಾಬಿಕ್ಸ್ ಸೇವೆ ಓಡುತ್ತಿದೆಯೇ ಎಂದು ನೋಡಿ ಆಮೇಲೆ ಕರೆಯಬೇಕು. ಇಲ್ಲದಿದ್ದರೆ ಸೇವೆ ಸತ್ತು ಯಂತ್ರ ಬದುಕಿರುವಾಗಲೂ ಎಲ್ಲ ಹಸಿರು.

ಮೆಸೇಜು ತಲುಪಲು ಟೆಲಿಗ್ರಾಂ ಬಾಟ್ ಅತಿ ಸುಲಭ, ಮೂರಕ್ಕೂ ಹೊಂದುತ್ತದೆ. ಆದರೆ ಸಾಮಾನ್ಯ ಗುಂಪು ಸೂಪರ್‌ಗ್ರೂಪ್ ಆದಾಗ ಅದರ ಚಾಟ್ ಐಡಿ ಬದಲಾಗುತ್ತದೆ, ಅಲರ್ಟುಗಳು ಸದ್ದಿಲ್ಲದೆ ನಿಲ್ಲುತ್ತವೆ. ಮೊದಲೇ ಸೂಪರ್‌ಗ್ರೂಪ್ ಮಾಡಿಕೊಂಡು ಐಡಿ ಹಾಕಿ. ಎಸ್‌ಎಂಎಸ್ ಬೇಕೆಂದರೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ನೋಂದಣಿ ವ್ಯವಸ್ಥೆಯಲ್ಲಿ ಮೆಸೇಜಿನ ಮಾದರಿ ನೋಂದಾಯಿಸಬೇಕು. ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 160ರ ಬದಲು 70 ಅಕ್ಷರ, ಒತ್ತಕ್ಷರ, ಕಾಗುಣಿತದ ಗುರುತುಗಳೂ ಒಂದೊಂದಾಗಿ ಎಣಿಕೆಗೆ ಬರುತ್ತವೆ. ‘ಕುಮಟಾ ಲೈನ್ ಇಲ್ಲ 02:10’ ಎಂಬಷ್ಟರಲ್ಲೇ ಮುಗಿಸಿ. ಆ ಸಮಯ ಪ್ರೊಮೀಥಿಯಸ್‌ನಿಂದ ಬಂದದ್ದಾದರೆ ಯುಟಿಸಿ ಎಂಬ ವಿಶ್ವ ಸಮಯ ಆಗಿರುತ್ತದೆ, ಐದೂವರೆ ತಾಸು ಕೂಡಿಸಿಕೊಂಡು ಓದಬೇಕು.